ಬ್ರೇಕ್ ಕೊಳವೆಗೆ ಸಾಧನ: ಆಯ್ಕೆಯಲ್ಲಿ ಎಡವುವುದು ಎಲ್ಲಿ?

ಪಾಸ್ಕಲನ ನಿಯಮವನ್ನು ಕಲಿಸುವಾಗ ಕರಿಹಲಗೆಯ ಮೇಲೆ ಎರಡು ಸಿಲಿಂಡರ್‌ಗಳನ್ನು ಬರೆದು ನಡುವೆ ಒಂದು ಗೆರೆ ಎಳೆಯುತ್ತೇವೆ. ಆ ಗೆರೆಯೇ ಬ್ರೇಕ್ ಕೊಳವೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಕಾರಿನಲ್ಲಾದರೋ ಅದು ಸಾಮಾನ್ಯವಾಗಿ 4.75 ಮಿ.ಮೀ. ಹೊರವ್ಯಾಸದ, ಸುಮಾರು 0.7 ಮಿ.ಮೀ. ದಪ್ಪ ಗೋಡೆಯ ಲೋಹದ ನಳಿಕೆ. ಪೆಡಲನ್ನು ಬಲವಾಗಿ ತುಳಿದಾಗ ಅದರೊಳಗಿನ ಒತ್ತಡ 100 ಬಾರ್ ಆಸುಪಾಸಿಗೆ, ಎಂದರೆ ವಾಯುಮಂಡಲದ ಒತ್ತಡದ ನೂರು ಪಟ್ಟಿಗೆ, ಏರಬಲ್ಲದು.

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಸಾಧಾರಣ ಉಕ್ಕಿನ ಕೊಳವೆಗಳು ತುಕ್ಕು ತಿಂದು ಸೋರುತ್ತವೆ. ಜನರಲ್ ಮೋಟರ್ಸ್‌ನ 1999ರಿಂದ 2003ರವರೆಗಿನ ಮಾದರಿಯ ಟ್ರಕ್ಕುಗಳ ಬಗ್ಗೆ ಇಂಥ ದೂರುಗಳು ಬಂದು, ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ತನಿಖೆ ನಡೆಸಿತು. 2015ರಲ್ಲಿ ತನಿಖೆಯನ್ನು ಮುಗಿಸುತ್ತ, ಇದು ತಯಾರಿಕೆಯ ದೋಷವಲ್ಲ, ಹಳೆಯ ವಾಹನದ ಸವೆತ ಎಂದಿತು. ಅಡಿಭಾಗವನ್ನು ತೊಳೆದು ಪರೀಕ್ಷಿಸಿಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟಿತು. ಹಳೆಯ ಗಾಡಿಯನ್ನು ತಾವೇ ರಿಪೇರಿ ಮಾಡಿಕೊಳ್ಳುವವರು ಸ್ಟೈನ್‌ಲೆಸ್ ಸ್ಟೀಲ್ ಕೊಳವೆಯತ್ತ ತಿರುಗುವುದು ಸಹಜ.

ಅವರಿಗೆಂದು ಮಾರುವ ಸಾಧನಗಳ ಪೆಟ್ಟಿಗೆಗಳ ಬಗ್ಗೆಯೇ ನಮ್ಮ ತಕರಾರು. ಬೆಲೆ ಎಷ್ಟು, ಅಚ್ಚುಗಳು ಎಷ್ಟು ಎಂದು ಪಟ್ಟಿ ಮಾಡಿ, 'ಸ್ಟೈನ್‌ಲೆಸ್‌ಗೂ ಆಗುತ್ತದೆ' ಎಂದು ಒಂದು ಸಾಲು ಸೇರಿಸುತ್ತಾರೆ. ಬಾಗಿಸುವ ಸಾಧನಕ್ಕೂ ತುದಿ ಅರಳಿಸುವ ಸಾಧನಕ್ಕೂ ಒಂದೇ ತೂಕ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಒಳವ್ಯಾಸ 3.33 ಮಿ.ಮೀ., ಗೋಡೆ 0.71 ಮಿ.ಮೀ., ಒತ್ತಡ 10 ಮೆಗಾಪಾಸ್ಕಲ್ ಆದರೆ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗಿಸುವ ಎಳೆತ ಸುಮಾರು 23 ಮೆಗಾಪಾಸ್ಕಲ್. ಮೆದುವಾಗಿಸಿದ 304 ದರ್ಜೆಯ ಸ್ಟೈನ್‌ಲೆಸ್ ಶಾಶ್ವತವಾಗಿ ವಿರೂಪಗೊಳ್ಳಲು 200 ಮೆಗಾಪಾಸ್ಕಲ್ ದಾಟಬೇಕು. ಕೊಳವೆ ನಡುವಿನಲ್ಲಿ ಒಡೆಯುವ ಭಯವಿಲ್ಲ. ಸೋರಿದರೆ ಕಹಳೆಯ ಬಾಯಿಯಂತೆ ಅರಳಿಸಿದ ತುದಿಯಲ್ಲೇ ಸೋರಬೇಕು.

ಅರಳಿಸುವಾಗ ತುದಿಯ ಅಂಚು ಮೂಲ ವ್ಯಾಸದ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 304 ದರ್ಜೆಯ ಲೋಹ ತುಂಡಾಗುವ ಮುನ್ನ ಶೇಕಡಾ 40ಕ್ಕಿಂತ ಹೆಚ್ಚು ಉದ್ದವಾಗಬಲ್ಲದು ಎಂಬುದೇ ಇಲ್ಲಿನ ಬಂಡವಾಳ. ಉಳಿತಾಯಕ್ಕೆ ಹೆಚ್ಚು ಜಾಗವಿಲ್ಲ. ಜೊತೆಗೆ ಈ ಲೋಹ ತಣ್ಣಗಿರುವಾಗ ಬಡಿದಷ್ಟೂ, ಎಳೆದಷ್ಟೂ ಗಡುಸಾಗುತ್ತದೆ. ಅದರ ಹರಳು ರಚನೆಯ ಒಂದು ಪಾಲು ಮಾರ್ಟೆನ್‌ಸೈಟ್ ಆಗಿ ಮಾರ್ಪಡುತ್ತದೆ. ಶಾಲೆಯಲ್ಲೇ ಇದನ್ನು ತೋರಿಸಬಹುದು: 304 ದರ್ಜೆಯ ತಂತಿಯ ತುಂಡನ್ನು ಒಂದೇ ಜಾಗದಲ್ಲಿ ಹಲವು ಸಲ ಬಾಗಿಸಿ, ಬಲವಾದ ಅಯಸ್ಕಾಂತ ಹಿಡಿಯಿರಿ. ಬಾಗಿದ ಜಾಗ ಉಳಿದ ಭಾಗಕ್ಕಿಂತ ಹೆಚ್ಚು ಆಕರ್ಷಿತವಾಗುತ್ತದೆ.

ಆದ್ದರಿಂದ ಮೊದಲ ತಪ್ಪು ಕತ್ತರಿಸುವಾಗಲೇ ಆಗುತ್ತದೆ. ಚಕ್ರದ ಕಟರ್ ಅಂಚನ್ನು ಒತ್ತಿ ಒತ್ತಿ ಕತ್ತರಿಸುತ್ತದೆ, ಅಂಚು ಅಲ್ಲೇ ಗಡುಸಾಗುತ್ತದೆ. ಅರಳಿಸಲು ಹೊರಟರೆ ಸೀಳುತ್ತದೆ. ದೋಷವನ್ನು ಮಾತ್ರ ಅರಳಿಸುವ ಸಾಧನದ ಮೇಲೆ ಹಾಕುತ್ತಾರೆ! ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕೊಯ್ದು, ಅರದಿಂದ ಚೌಕವಾಗಿ ಉಜ್ಜಿ, ಒಳಹೊರ ಅಂಚಿನ ಗೀರುಗಳನ್ನು ತೆಗೆಯುವುದೇ ಮೇಲು.

ಅಗ್ಗದ ಪೆಟ್ಟಿಗೆಯಲ್ಲಿ ಕೊಳವೆ ಹಿಡಿಯುವ ರಂಧ್ರಗಳುಳ್ಳ ಜೋಡಿ ಪಟ್ಟಿಯೂ ತಿರುಪಿನ ಶಂಕುವೂ ಇರುತ್ತವೆ. ಇದು ಫ್ರಿಜ್ ಮೆಕ್ಯಾನಿಕರು ತಾಮ್ರದ ಕೊಳವೆಗೆ ಬಳಸುವ ಸಾಧನದ ತಮ್ಮ. ಸ್ಟೈನ್‌ಲೆಸ್ ಇದರಲ್ಲಿ ಜಾರುತ್ತದೆ. ಜಾರದಂತೆ ಬಿಗಿದರೆ ಪಟ್ಟಿಯ ಹಲ್ಲು ಹೊರಮೈಯನ್ನು ಕಚ್ಚುತ್ತದೆ. ಶಂಕು ಉಜ್ಜುವಾಗ ಲೋಹ ಲೋಹಕ್ಕೆ ಅಂಟಿ ಕಿತ್ತುಬರುತ್ತದೆ, ಎಣ್ಣೆ ಹಾಕದಿದ್ದರಂತೂ ಕೇಳಬೇಡಿ. ಇನ್ನೂ ಗಂಭೀರವಾದದ್ದು ಕೋನ. ಇಂಥ ಶಂಕು ಸಾಮಾನ್ಯವಾಗಿ ಅಕ್ಷಕ್ಕೆ 45 ಡಿಗ್ರಿಯದು. ಬ್ರೇಕಿಗೆ ಆ ಕೋನದಲ್ಲಿ ಅಂಚನ್ನು ಒಳಕ್ಕೆ ಮಡಿಸಿದ ಎರಡು ಪದರದ ಬಾಯಿಯೇ ಬೇಕು, ಒಂದೇ ಪದರದ್ದು ಸಲ್ಲದು. ಗಡುಸಾಗುವ ಲೋಹಕ್ಕೆ ಆ ಮಡಿಕೆಯೇ ಕಠಿಣ ಪರೀಕ್ಷೆ. ರೇಸ್ ಕಾರುಗಳಲ್ಲಿ 37 ಡಿಗ್ರಿಯ ಒಂದೇ ಪದರದ ಬಾಯಿಗೆ ಹಿಂದಿನಿಂದ ತೋಳುಬಳೆಯನ್ನೂ ನಟ್ಟನ್ನೂ ಕೊಟ್ಟು ಕೂಡಿಸುವುದುಂಟು. ಸ್ಟೈನ್‌ಲೆಸ್‌ಗೆ ಅದು ಹೆಚ್ಚು ಒಗ್ಗುತ್ತದೆ. 37ರ ಬಾಯಿಯನ್ನು 45ರ ಆಸನಕ್ಕೆ ಬಿಗಿದರೆ ಸಂಪರ್ಕ ಒಂದು ತೆಳು ಗೆರೆಯಷ್ಟೇ.

ಎರಡು ಪದರವೇ ಬೇಕೆಂದರೆ ವೈಸಿನಲ್ಲಿ ಹಿಡಿದು ಸನ್ನೆಯಿಂದ ಒತ್ತುವ, ಕೊಳವೆಯ ಸುತ್ತ ಪೂರ್ತಿ ಕೂರುವ ನುಣುಪು ಅಚ್ಚಿನ ಸಾಧನ ಅಥವಾ ಕೈಪಂಪಿನ ದ್ರವಚಾಲಿತ ಸಾಧನ ಕೊಳ್ಳಬೇಕು. ಎರಡನೆಯದು ಪಾಸ್ಕಲನ ನಿಯಮದಿಂದಲೇ ನಡೆಯುತ್ತದೆ. ಆದರೂ ಬಲ ಹೆಚ್ಚಿದ್ದರೆ ಸಾಲದು. ಅಚ್ಚಿನ ಹಿಡಿತ, ಕೊಳವೆ ಮುಂದೆ ಚಾಚಿರುವ ಅಳತೆ, ಮೆದುವಾಗಿಸಿದ ಕೊಳವೆಯೇ ಎಂಬ ಖಾತರಿ ಅದಕ್ಕಿಂತ ಮುಖ್ಯ.

ಬಾಗಿಸುವ ಸಾಧನಕ್ಕೆ ಇಷ್ಟು ಚರ್ಚೆ ಬೇಡ. ಕೊಳವೆಯ ಅಳತೆಗೆ ಸರಿಹೊಂದುವ ತೋಡಿನ ಗಾಲಿ ಇದ್ದರೆ ಚಪ್ಪಟೆಯಾಗದು. ಸ್ಟೈನ್‌ಲೆಸ್ ತಾಮ್ರಕ್ಕಿಂತ ಹೆಚ್ಚು ಹಿಂಪುಟಿಯುವುದರಿಂದ ಬೇಕಾದ ಕೋನಕ್ಕಿಂತ ಕೆಲವು ಡಿಗ್ರಿ ಹೆಚ್ಚು ಬಾಗಿಸಬೇಕು. ತುದಿಯ ಹತ್ತಿರ ನೇರ ಭಾಗ ಉಳಿಸದಿದ್ದರೆ ಅಚ್ಚು ಹಿಡಿಯದು. ನಟ್ಟನ್ನು ಅರಳಿಸುವ ಮೊದಲೇ ಪೋಣಿಸಬೇಕು, ಮರೆತವರು ಮತ್ತೆ ಕತ್ತರಿಸಬೇಕಾಗುತ್ತದೆ.

ಪೆಟ್ಟಿಗೆಗಳು ಹೇಳದ ಮಾತೊಂದಿದೆ. ಉಪ್ಪಿನಿಂದ ರಕ್ಷಣೆಯಷ್ಟೇ ಗುರಿಯಾದರೆ, ಸುಮಾರು ಶೇಕಡಾ 10ರಷ್ಟು ನಿಕ್ಕಲ್ ಬೆರೆತ ತಾಮ್ರದ ಕೊಳವೆಯಿದೆ. ವೋಲ್ವೋ ಕಾರುಗಳಲ್ಲಿ 1970ರ ದಶಕದಿಂದಲೇ ಅದನ್ನು ಬಳಸಿದ್ದಾರೆ. ಅದು ಮೆದು, ಸಾಧಾರಣ ಸಾಧನಕ್ಕೂ ಬಗ್ಗುತ್ತದೆ. ಒಳ್ಳೆಯ ಅರಳಿಸುವ ಸಾಧನ ಕೈಗೆಟುಕದವರು ಸ್ಟೈನ್‌ಲೆಸ್‌ನ ಹೊಳಪಿಗೆ ಮರುಳಾಗದೆ ಇದನ್ನು ಆರಿಸುವುದು ಲೇಸು. ಸ್ಟೈನ್‌ಲೆಸ್ಸೇ ಬೇಕೆನ್ನುವವರು ಮೊದಲ ಮೂರು ನಾಲ್ಕು ತುದಿಗಳನ್ನು ಬಿಡಿ ತುಂಡಿನ ಮೇಲೆ ಮಾಡಿ, ಅಂಚಿನ ಸುತ್ತಲೂ ಭೂತಗನ್ನಡಿ ಹಿಡಿದು ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸಾಧನ ಗಾಡಿಯ ಹತ್ತಿರ ಹೋಗುವಂತಿಲ್ಲ.