ರಾಬರ್ಟ್ ಪಾರ್: ಉಲ್ಲೇಖಗಳ ಎಣಿಕೆಯೂ ಸಂಶೋಧನೆಯ ಬೆಲೆಯೂ

ಸಂಶೋಧಕನ ಲೇಖನಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಎಣಿಕೆಯಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿ ವಿದ್ಯಾಸಂಸ್ಥೆಗಳಲ್ಲಿ ಬೇರೂರಿದೆ. ಅಧ್ಯಾಪಕರ ನೇಮಕ, ಬಡ್ತಿಗಳ ಸಂದರ್ಭದಲ್ಲಿಯೂ ಈ ಅಂಕಿಗಳನ್ನು ಮುಂದಿಡುವುದುಂಟು. ಈ ಅಳತೆಗೋಲು ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ವಿಚಾರಿಸಲು ಅಮೆರಿಕದ ಸೈದ್ಧಾಂತಿಕ ರಸಾಯನಜ್ಞ ರಾಬರ್ಟ್ ಪಾರ್ ಅವರ ಸಂಶೋಧನ ಜೀವನ ಒಂದು ಉತ್ತಮ ನಿದರ್ಶನವೆಂದು ನಾವು ಭಾವಿಸುತ್ತೇವೆ.

1921ರಲ್ಲಿ ಶಿಕಾಗೊ ನಗರದಲ್ಲಿ ಜನಿಸಿದ ಪಾರ್, 1947ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1953ರಲ್ಲಿ ಪ್ಯಾರಿಸರ್ ಅವರೊಡನೆ ಅವರು ರೂಪಿಸಿದ ವಿಧಾನವನ್ನು ಅದೇ ವರ್ಷ ಪೋಪಲ್ ಅವರೂ ಸ್ವತಂತ್ರವಾಗಿ ಕಂಡುಕೊಂಡರು. ಮೂವರ ಹೆಸರೂ ಅದಕ್ಕೆ ನಿಂತಿತು. ಕಷ್ಟಸಾಧ್ಯವಾದ ಅನೇಕ ಅನುಕಲನಗಳನ್ನು ಕೈಬಿಟ್ಟು, ಕೆಲವು ಬೆಲೆಗಳನ್ನು ಪ್ರಯೋಗದಿಂದಲೇ ಪಡೆದು, ಸಾವಯವ ಅಣುಗಳ ವರ್ಣಪಟಲವನ್ನು ವಿವರಿಸುವುದು ಅದರ ಉದ್ದೇಶ. ಇಷ್ಟರಿಂದಲೇ ಅವರ ಕೀರ್ತಿ ನಿಲ್ಲಬಹುದಾಗಿತ್ತು. ಆದರೆ 1964ರಲ್ಲಿ ಹೋಹೆನ್‌ಬರ್ಗ್ ಮತ್ತು ಕೋನ್ ಅವರು, ಅಣುವಿನ ಶಕ್ತಿಯನ್ನು ಜಟಿಲವಾದ ತರಂಗ ಫಲನಕ್ಕೆ ಬದಲಾಗಿ ಎಲೆಕ್ಟ್ರಾನ್ ಸಾಂದ್ರತೆಯೊಂದರಿಂದಲೇ ನಿರ್ಧರಿಸಬಹುದೆಂದು ಸಾಧಿಸಿದ ಮೇಲೆ, ಹೆಚ್ಚಿನ ರಸಾಯನಜ್ಞರು ಸಂಶಯದಿಂದ ಕಾಣುತ್ತಿದ್ದ ಆ ದಾರಿಯನ್ನು ಪಾರ್ ತಮ್ಮ ನಡುವಯಸ್ಸಿನಲ್ಲಿ ಹಿಡಿದರು. 1974ರಿಂದ ನಾರ್ತ್ ಕರೋಲಿನ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿ, 2017ರಲ್ಲಿ ತೀರಿಕೊಳ್ಳುವವರೆಗೂ ಆ ದಾರಿಯನ್ನು ಬಿಡಲಿಲ್ಲ.

ಅವರ ಲೇಖನಗಳಲ್ಲಿ ಅತ್ಯಂತ ಹೆಚ್ಚು ಉಲ್ಲೇಖ ಪಡೆದುದು ಯಾವುದು? ಲೀ ಮತ್ತು ಯಾಂಗ್ ಅವರೊಡನೆ 1988ರಲ್ಲಿ ಪ್ರಕಟಿಸಿದುದು. ‘ನೇಚರ್’ ಪತ್ರಿಕೆ 2014ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ವಿಜ್ಞಾನದ ಎಲ್ಲ ಶಾಖೆಗಳ ಲೇಖನಗಳ ನಡುವೆ ಅದಕ್ಕೆ ಏಳನೆಯ ಸ್ಥಾನ. ಆಗಲೇ ಅದರ ಉಲ್ಲೇಖಗಳು 46 ಸಾವಿರವನ್ನು ಮೀರಿದ್ದವು. ಆದರೂ ಆ ಲೇಖನದ ಮೂಲಬೀಜ ಪಾರ್ ಅವರದಲ್ಲ. ಎಲೆಕ್ಟ್ರಾನುಗಳು ಒಂದನ್ನೊಂದು ತಪ್ಪಿಸಿ ಚಲಿಸುವುದರಿಂದ ಉಂಟಾಗುವ ಶಕ್ತಿಗೆ ಕೊಲೆ ಮತ್ತು ಸಾಲ್ವೆಟ್ಟಿ 1975ರಲ್ಲಿ, ಹೀಲಿಯಂ ಪರಮಾಣುವನ್ನು ಆಧಾರವಾಗಿಟ್ಟುಕೊಂಡು, ಒಂದು ಸೂತ್ರವನ್ನು ಕೊಟ್ಟಿದ್ದರು. ಅದನ್ನು ಸಾಂದ್ರತೆಯ ಭಾಷೆಗೆ ತಿರುಗಿಸಿದುದೇ 1988ರ ಸಾಧನೆ. ಮುಂದೆ ಬೆಕೆ ಅವರ 1993ರ ವಿಧಾನದೊಡನೆ ಬೆರೆತು, ಸಿದ್ಧ ಗಣಕ ಕಾರ್ಯಕ್ರಮಗಳಲ್ಲಿ ಸೇರಿಹೋದ ಮೇಲೆ, ಅದನ್ನು ಬಳಸಿದವರೆಲ್ಲರೂ ಉಲ್ಲೇಖಿಸಲೇಬೇಕಾಯಿತು. ಇಡೀ ಸಿದ್ಧಾಂತಕ್ಕೆ ತಳಹದಿಯಾದ 1964 ಮತ್ತು 1965ರ ಲೇಖನಗಳು ಅದೇ ಪಟ್ಟಿಯಲ್ಲಿ ಬಹಳ ಕೆಳಗಿವೆ. ಎಣಿಕೆಯು ಅಳೆಯುವುದು ಉಪಯೋಗವನ್ನು. ಉಪಯೋಗ ಸಣ್ಣದಲ್ಲ, ಆದರೆ ಅದೇ ವಿಚಾರದ ಆಳವಲ್ಲ.

ಪಾರ್ ಅವರ ಸ್ವಂತ ಮುದ್ರೆಯನ್ನು ನಾವು ಬೇರೆಡೆ ಕಾಣುತ್ತೇವೆ. ವಿದ್ಯುದೃಣತೆಯೆಂಬ ಮಾತನ್ನು ರಸಾಯನಜ್ಞರು ಬಹುಕಾಲದಿಂದ ಬಳಸುತ್ತಿದ್ದರೂ ಅದಕ್ಕೆ ಹಲವು ಅಳತೆಗಳಿದ್ದವು. ಎಲೆಕ್ಟ್ರಾನುಗಳ ಸಂಖ್ಯೆ ಬದಲಾದಂತೆ ಶಕ್ತಿ ಬದಲಾಗುವ ಇಳಿಜಾರೇ ಅದು ಎಂದು 1978ರಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿದರು. ಪಿಯರ್ಸನ್ 1963ರಲ್ಲಿ ಆಮ್ಲ, ಪ್ರತ್ಯಾಮ್ಲಗಳನ್ನು ‘ಕಠಿನ’, ‘ಮೃದು’ ಎಂದು ವಿಂಗಡಿಸಿದ್ದರು, ಅಂಕಿಯಿರಲಿಲ್ಲ. 1983ರಲ್ಲಿ ಅವರೊಡಗೂಡಿ ಪಾರ್ ಕಾಠಿನ್ಯಕ್ಕೆ ಲಕ್ಷಣ ಹೇಳಿದರು: ಎಲೆಕ್ಟ್ರಾನೊಂದನ್ನು ಕೀಳಲು ಬೇಕಾದ ಶಕ್ತಿಯಿಂದ, ಒಂದನ್ನು ಸೇರಿಸಿದಾಗ ಹೊರಬೀಳುವ ಶಕ್ತಿಯನ್ನು ಕಳೆದು ಅರ್ಧಿಸಬೇಕು. ಹಾಗೆ ಲೆಕ್ಕಹಾಕಿದರೆ ಸೋಡಿಯಂ ಪರಮಾಣುವಿಗೆ 2.30, ಫ್ಲೂರಿನ್ನಿಗೆ 7.01 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. 1991ರಲ್ಲಿ ನಮ್ಮ ದೇಶದ ಚಟ್ಟರಾಜ್ ಅವರೊಡನೆ ಪರಮ ಕಾಠಿನ್ಯ ತತ್ತ್ವಕ್ಕೆ ಸಮರ್ಥನೆಯನ್ನೂ ಒದಗಿಸಿದರು.

ಈ ಭಾಗವೂ ದೋಷರಹಿತವೆಂದು ನಾವು ಹೇಳುವುದಿಲ್ಲ. ಎಲೆಕ್ಟ್ರಾನುಗಳ ಸಂಖ್ಯೆಗೆದುರಾಗಿ ಶಕ್ತಿಯನ್ನು ಗುರುತಿಸಿದರೆ ದೊರೆಯುವುದು ನುಣುಪಾದ ವಕ್ರರೇಖೆಯಲ್ಲ, ಸರಳರೇಖೆಗಳ ಸಾಲು. ಪ್ರತಿಯೊಂದು ಪೂರ್ಣಾಂಕದಲ್ಲಿಯೂ ಇಳಿಜಾರು ಥಟ್ಟನೆ ಬದಲಾಗುತ್ತದೆ. ಹಾಗಿದ್ದ ಮೇಲೆ ಇಳಿಜಾರನ್ನೇ ನೆಚ್ಚಿದ ಲಕ್ಷಣದ ಗತಿಯೇನು? ಈ ಆಕ್ಷೇಪಕ್ಕೆ ಆಧಾರವಾದ 1982ರ ಲೇಖನವನ್ನು ಬರೆದ ನಾಲ್ವರಲ್ಲಿ ಪಾರ್ ಅವರೂ ಒಬ್ಬರು! ತಮ್ಮ ಕಟ್ಟಡದ ಬಿರುಕನ್ನು ತಾವೇ ಬೆಳಕಿಗೆ ತರುವ ಈ ಪ್ರಾಮಾಣಿಕತೆಗೆ ಯಾವ ಎಣಿಕೆಯಲ್ಲಿಯೂ ಕಲಂ ಇಲ್ಲ. 1988ರ ಸೂತ್ರಕ್ಕೂ ಮಿತಿಗಳುಂಟು. ಸಮಸಾಂದ್ರವಾದ ಎಲೆಕ್ಟ್ರಾನ್ ಅನಿಲಕ್ಕೆ ಅದು ನಿಖರವಾದ ಬೆಲೆಯನ್ನು ಕೊಡದು. ದೂರದ ಅಣುಗಳ ನಡುವಣ ದುರ್ಬಲ ಆಕರ್ಷಣೆ ಅದರ ಹಿಡಿತಕ್ಕೆ ಸಿಕ್ಕದು. ಬಹಳ ಜನ ಬಳಸುತ್ತಾರೆಂಬ ಕಾರಣದಿಂದ ಈ ಮಿತಿಗಳು ಇಲ್ಲವಾಗುವುದಿಲ್ಲ.

ಉಲ್ಲೇಖಗಳ ಎಣಿಕೆಯನ್ನು ತಳ್ಳಿಹಾಕಬೇಕೆಂಬುದು ನಮ್ಮ ವಾದವಲ್ಲ. ಒಂದು ಲೇಖನ ಎಷ್ಟು ಕೈಗಳಿಗೆ ಉಪಕರಣವಾಯಿತೆಂಬುದನ್ನು ಅದು ಸರಿಯಾಗಿಯೇ ತಿಳಿಸುತ್ತದೆ. ಅದರಾಚೆಗಿನ ತೀರ್ಪನ್ನು ಓದಿದವರೇ ಕೊಡಬೇಕು. ಆದಕಾರಣ 1988ರ ಲೇಖನವನ್ನು ಉಲ್ಲೇಖಿಸುವ ವಿದ್ಯಾರ್ಥಿ ಮೊದಲು ಅದನ್ನು ಓದಲಿ. ಅನಂತರ 1978, 1982, 1983ರ ಲೇಖನಗಳನ್ನು ಅದೇ ಕ್ರಮದಲ್ಲಿ ಓದಲಿ. ಪಾರ್ ಅವರ ಹಿರಿಮೆ ಎಲ್ಲಿದೆಯೆಂಬುದನ್ನು ಆಗ ಅವನು ತಾನೇ ನಿರ್ಣಯಿಸಬಲ್ಲನು.