ಫಿರೋಜ್‌ಶಾ ಬಾಗ್‌ನ ಗೇಟಿನಾಚೆ

ರೋಹಿಂಟನ್ ಮಿಸ್ತ್ರಿಯ ‘ಟೇಲ್ಸ್ ಫ್ರಮ್ ಫಿರೋಜ್‌ಶಾ ಬಾಗ್’ (1987) ಸಂಕಲನದ ಬಗ್ಗೆ ಮಾತು ಬಂದಾಗಲೆಲ್ಲ ಪಾರ್ಸಿಗಳ ಕರಗುತ್ತಿರುವ ಸಂಖ್ಯೆ, ವಲಸೆ, ಹಳಹಳಿಕೆ, ಇಷ್ಟರಲ್ಲೇ ಚರ್ಚೆ ಮುಗಿದುಬಿಡುತ್ತದೆ. ಹನ್ನೊಂದು ಕಥೆಗಳೂ ಒಂದೇ ವಠಾರದ ಸುತ್ತ ಹೆಣೆದುಕೊಂಡಿರುವುದನ್ನು ಕಥನತಂತ್ರವೆಂದು ಮೆಚ್ಚಿ ಮುಂದೆ ಹೋಗುತ್ತೇವೆ. ಇಂಥ ಮನೆಗಳನ್ನು ಯಾರು ಕಟ್ಟಿಸಿದರು, ಯಾರಿಗಾಗಿ ಕಟ್ಟಿಸಿದರು ಎಂದು ಕೇಳಿಕೊಂಡು ಓದಿದಾಗ ನನಗೆ ಪುಸ್ತಕ ಬೇರೆಯೇ ಆಗಿ ಕಂಡಿತು.

ಫಿರೋಜ್‌ಶಾ ಬಾಗ್ ಕಾಲ್ಪನಿಕ. ಆದರೆ ಬ್ರಿಟಿಷ್ ಸಾಮ್ರಾಜ್ಯದ ಬಂದರು ನಗರವಾಗಿದ್ದ ಮುಂಬೈಯಲ್ಲಿ ಅಂಥ ಬಾಗ್‌ಗಳು ನಿಜವಾಗಿಯೂ ಎದ್ದವು. ಕೊಲಾಬಾದ ಖುಸ್ರೋ ಬಾಗ್ ಹತ್ತಿ ಗಿರಣಿಗಳ ವಾಡಿಯಾ ಮನೆತನದ ಹಣದಲ್ಲಿ, ಕಡಿಮೆ ಆದಾಯದ ಪಾರ್ಸಿಗಳಿಗಾಗಿ ಕಟ್ಟಿದ್ದು. ಉದ್ಯಮಿಯ ಲಾಭ ಟ್ರಸ್ಟಾಗಿ, ಟ್ರಸ್ಟು ಮನೆಯಾಗಿ ಸಮುದಾಯಕ್ಕೆ ಮರಳುತ್ತಿತ್ತು.

ಗಿರಣಿ ಒಡೆಯರಿಲ್ಲದ ಸಣ್ಣ ಸಮುದಾಯಗಳು ಏನು ಮಾಡಬೇಕಿತ್ತು? ಉತ್ತರ ನಮ್ಮ ಕರಾವಳಿಯಿಂದ ಹೋದವರಲ್ಲಿದೆ. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಹೊಸ ಬಡಾವಣೆಗಳನ್ನು ತೆರೆಯಿತು. ಅಂಥದೊಂದು ಬಡಾವಣೆ ಗಾಂದೇವಿ. ಅಲ್ಲಿ 1915ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿ ಮತ್ತವರ ಸಂಗಡಿಗರು ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಸಂಬಳದ ಮೇಲೆ ಬದುಕುವ ಚಿತ್ರಾಪುರ ಸಾರಸ್ವತರು ಷೇರು ಕೊಂಡು, ತಮ್ಮದೇ ಸಂಘಕ್ಕೆ ಬಾಡಿಗೆ ಕಟ್ಟಿದರು. ಬಾಡಿಗೆ ಏರಿಸುವ, ಎಬ್ಬಿಸುವ ಮಾಲೀಕನೇ ಇಲ್ಲ! ಇದನ್ನು ಬರೀ ಜಾತಿಕೂಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪರವೂರಿನಲ್ಲಿ ಗುಮಾಸ್ತನೊಬ್ಬನಿಗೆ ಅದು ದೊಡ್ಡ ಬಿಡುಗಡೆ.

ಆದರೆ ದಾನದ ಬಾಗ್‌ಗೂ ಸಹಕಾರದ ಸಂಘಕ್ಕೂ ಗೇಟು ಒಂದೇ. ಸಂಘದೊಳಗೆ ಒಬ್ಬರಿಗೆ ಒಂದು ಮತ; ಒಳಗೆ ಬರುವವರು ಯಾರೆಂಬುದು ಮಾತ್ರ ಹುಟ್ಟಿನಿಂದಲೇ ತೀರ್ಮಾನ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹಸಂಘವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ಬೈಲಾವನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತರಿಗೆ ರಕ್ಷಣೆಯಾದ ಅದೇ ನಿಯಮ ಬಹುಸಂಖ್ಯಾತರ ಕೈಗೆ ಸಿಕ್ಕರೆ ಏನಾಗುತ್ತದೆಂದು, ಹೆಸರು ಹೇಳುತ್ತಲೇ ‘ಮನೆ ಖಾಲಿ ಇಲ್ಲ’ ಎಂದು ಕೇಳಿಸಿಕೊಂಡ ನನ್ನ ಮುಸ್ಲಿಂ ಸಹಪಾಠಿಗಳಿಗೆ ಗೊತ್ತು.

ಮಿಸ್ತ್ರಿಗೆ ಈ ಗೇಟು ಕಾಣುತ್ತದೆ. ‘ಒನ್ ಸಂಡೇ’ ಕಥೆಯ ಫ್ರಾನ್ಸಿಸ್ ಬಾಗ್‌ನವರ ಚಿಲ್ಲರೆ ಕೆಲಸ ಮಾಡಿಕೊಡುತ್ತ, ಪೀಠೋಪಕರಣದಂಗಡಿಯ ಸೂರಿನಡಿ ಮಲಗುವವನು. ಅವನನ್ನು ಕಳ್ಳನೆಂದು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ, ಹೊಡೆತ ಬೀಳುತ್ತದೆ. ಕೊನೆಗೆ ಹುಡುಗ ಕೇರ್ಸಿ ತನ್ನ ಕ್ರಿಕೆಟ್ ಬ್ಯಾಟನ್ನು ಮುರಿಯುತ್ತಾನೆ. ಈ ಮುಕ್ತಾಯವನ್ನು ಮೆಚ್ಚುವವರು ಬಹಳ. ನನಗದು ಸುಲಭದ ದಾರಿ ಅನಿಸುತ್ತದೆ: ಪಶ್ಚಾತ್ತಾಪವೂ ಒಳಗಿನವನಿಗೇ ದಕ್ಕಿತು, ಫ್ರಾನ್ಸಿಸ್‌ಗೆ ಒಂದು ದನಿಯೂ ಸಿಗಲಿಲ್ಲ.

ಭೂತದ ಕಥೆ ಹಾಗಲ್ಲ. ಅದನ್ನು ಹೇಳುವವಳು ಗೋವಾದ ಕ್ರೈಸ್ತ ಆಯಾ. ಬಾಗ್‌ನಲ್ಲೇ ಬದುಕು ಸವೆಸಿದ ಜಾಕ್ವೆಲಿನ್ ಅವರ ಬಾಯಲ್ಲಿ ಜಾಕೈಲಿ ಆಗಿದ್ದಾಳೆ. ಷೇರು, ಮತ, ಟ್ರಸ್ಟು ಯಾವ ಲೆಕ್ಕದಲ್ಲೂ ಇಲ್ಲದ ಅವಳೊಬ್ಬಳೇ ಆ ಕಟ್ಟಡವನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡುತ್ತಿದ್ದಾಳೆ.