ಬಸ್ಸು ಹೋದಳು, ಮಳೆ ಬಂದ

ಶಾಲೆಯ ಹಾಸ್ಯ ಬರೆಯುವವರಿಗೆ ಕನ್ನಡದಲ್ಲಿ ಎರಡು ಸಲೀಸು ದಾರಿಗಳಿವೆ. ಒಂದು, ಕೋಲು ಹಿಡಿದ ಮಾಸ್ತರರನ್ನು ಕಾರ್ಟೂನು ಮಾಡಿಬಿಡುವುದು. ಇನ್ನೊಂದು, ಭಾಷೆ ಸರಿಯಾಗಿ ಬರದ ಒಬ್ಬರನ್ನು ಎದ್ದು ನಿಲ್ಲಿಸಿ ಮಾತಾಡಿಸುವುದು. ಎರಡನೆಯದು ಇನ್ನೂ ಸುಲಭ. ಡೈಲಾಗು ಬರೆಯುವ ಶ್ರಮವೂ ಇಲ್ಲ, ಉಚ್ಚಾರವೇ ಕೆಲಸ ಮಾಡುತ್ತದೆ. ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ಬಂದಾಗ ಈ ಎರಡೂ ದಾರಿಯಲ್ಲಿ ಧೈರ್ಯವಾಗಿ ನಡೆಯಿತು. ಆದರೂ ಒಳ್ಳೆಯ ಸಿನಿಮಾ ಆಯಿತು. ಮಕ್ಕಳ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಬಂತು. ಅದು ಹೇಗೆ ಸಾಧ್ಯವಾಯಿತು ಅನ್ನುವುದು ಒಂದು ಪ್ರಶ್ನೆ. ಅದೇ ನಗುವನ್ನು ನಮ್ಮ ಅನಮೋಡದ ಕಡೆಗೆ ಹೊತ್ತುಕೊಂಡು ಬಂದರೆ ಏನಾಗುತ್ತದೆ ಅನ್ನುವುದು ಇನ್ನೊಂದು. ನನಗೆ ಈ ಎರಡನೆಯದೇ ಮುಖ್ಯ.

ನೋಡದೆ ಇದ್ದವರಿಗಾಗಿ ಕತೆ ಎರಡು ಮಾತಿನಲ್ಲಿ. ಕಾಸರಗೋಡಿನ ಒಂದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಅಲ್ಲಿ ಪ್ರವೀಣ ಅಂತ ಒಬ್ಬ ಹುಡುಗ. ಓದಿನಲ್ಲಿ ಹಿಂದೆ, ಪಲ್ಲವಿ ಅನ್ನುವ ಸಹಪಾಠಿಯನ್ನು ನೋಡುವುದರಲ್ಲಿ ಮುಂದೆ. ಅವನ ದಡ್ಡತನದ ಮೇಲೆ ಒಂದು ಹಾಡೇ ಇದೆ. ಮಮ್ಮುಟ್ಟಿ ಅಂತ ಅವನಿಗೊಬ್ಬ ಗೆಳೆಯ. ಇವರ ತರಗತಿಗೆ ಕನ್ನಡ ಗೊತ್ತಿಲ್ಲದ ಮಲಯಾಳಂ ಮಾಸ್ತರರು ಗಣಿತ ಕಲಿಸಲು ಬರುತ್ತಾರೆ. ಲೆಕ್ಕವೇ ಕಷ್ಟ, ಅದೂ ಮಲಯಾಳಂನಲ್ಲಿ! ಮುಂದೆ ಶಾಲೆಯನ್ನೇ ಮುಚ್ಚುವ ಮಾತು ಬರುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಅನ್ನುವ ಹಿರಿಯರನ್ನು ಕರೆತರುತ್ತಾರೆ. ಅನಂತನಾಗ್ ಕೋರ್ಟಿನಲ್ಲಿ ನಿಂತು ವಾದ ಮಾಡುತ್ತಾರೆ.

ಇದು ಕಟ್ಟುಕತೆಯ ಸಮಸ್ಯೆ ಅಂದುಕೊಳ್ಳಬೇಡಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಅಲ್ಲೇ ಉಳಿದವು. ಆ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುತ್ತಾರೆ ಅಂತ ಅಲ್ಲಿಯ ಮಕ್ಕಳು, ಪಾಲಕರು ನಿಜವಾಗಿಯೂ ಪ್ರತಿಭಟನೆ ಮಾಡಿದ್ದಾರೆ. 2017ರಲ್ಲಿ ಕೇರಳ ಸರ್ಕಾರ ಎಲ್ಲ ಶಾಲೆಗಳಲ್ಲೂ ಮಲಯಾಳಂ ಕಡ್ಡಾಯ ಮಾಡಲು ಹೊರಟಾಗಲೂ ಕಾಸರಗೋಡು ಬಿಸಿಯಾಗಿತ್ತು. ಅಂದರೆ ಸಿನಿಮಾದ ಮಲಯಾಳಂ ಮಾಸ್ತರರು ಬರೀ ಒಬ್ಬ ವ್ಯಕ್ತಿ ಅಲ್ಲ, ಅವರ ಕೈಯಲ್ಲಿ ಒಂದು ಸರ್ಕಾರದ ಆರ್ಡರು ಇದೆ. ಮಕ್ಕಳು ಅವರ ಮಾತಿಗೆ ನಕ್ಕಾಗ ಆ ನಗು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಆರ್ಡರು ಕಳಿಸಿದ ಕಚೇರಿಗೆ ತಗಲುತ್ತದೆ. ಉಚ್ಚಾರದ ಜೋಕುಗಳು ಅಷ್ಟಿದ್ದೂ ಈ ಸಿನಿಮಾ ಕೀಳಾಗಿ ಕಾಣದಿರಲು ಕಾರಣ ಇಷ್ಟೇ. ನಗುವವರು ಬಲಹೀನರು. ಅವರಿಗೆ ಬೇರೆ ಆಯುಧ ಇಲ್ಲ.

ಈಗ ಅನಮೋಡಕ್ಕೆ ಬರೋಣ.

ಅನಮೋಡ ಅಂದರೆ ಹೊರಗಿನವರಿಗೆ ನೆನಪಾಗುವುದು ಚೆಕ್‌ಪೋಸ್ಟು. ಬೆಳಗಾವಿ–ಪಣಜಿ ರಸ್ತೆಯಲ್ಲಿ ಗೋವಾದಿಂದ ಘಟ್ಟ ಹತ್ತಿ ಬಂದವರ ಡಿಕ್ಕಿ ತೆಗೆಸಿ ಬಾಟಲಿ ಹುಡುಕುವ ಜಾಗ. ಘಟ್ಟ ಇಳಿದರೆ ಮೊಲೆಂ. ಇತ್ತ ಕ್ಯಾಸಲ್‌ರಾಕ್ ಸ್ಟೇಷನ್ನು, ಒಂದು ಕಾಲದಲ್ಲಿ ಬ್ರಿಟಿಷರ ರಾಜ್ಯ ಮುಗಿದು ಪೋರ್ತುಗೀಸರದ್ದು ಶುರುವಾಗುತ್ತಿದ್ದ ಗಡಿ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ತಾಲ್ಲೂಕು ಜೋಯಿಡಾ. ಇಲ್ಲಿಯ ಕುಣಬಿಗಳ ಮನೆಮಾತು ಕೊಂಕಣಿ, ಗೌಳಿಗಳದ್ದು ಮರಾಠಿಯ ಒಂದು ರೂಪ, ಖಾನಾಪುರದ ಕಡೆ ನೆಂಟಸ್ತನ ಇರುವವರದ್ದು ಮರಾಠಿ. ಕನ್ನಡ ಬರುವುದು ಬಸ್ಸಿನ ಬೋರ್ಡಿನಲ್ಲಿ, ಪಂಚಾಯ್ತಿ ಕಾಗದದಲ್ಲಿ, ಮತ್ತೆ ಶಾಲೆಯಲ್ಲಿ. ಒಂದನೇ ಎರಡನೇ ಇಯತ್ತೆ ಮರಾಠಿಯಲ್ಲಿ ಓದಿ ಹೈಸ್ಕೂಲಿಗೆ ಬರುವಾಗ ಕನ್ನಡಕ್ಕೆ ತಿರುಗಿದವರೂ ನಮ್ಮಲ್ಲಿ ಇದ್ದರು.

ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಕನ್ನಡದ ಪಿರಿಯಡ್ಡಿಗೆ ‘ಪ್ರಥಮ ಭಾಷೆ’ ಅಂತ ಬರೆದಿರುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಅದಕ್ಕೇ. ಮನೆಯಲ್ಲಿ ಎರಡನೆಯದೋ ಮೂರನೆಯದೋ ಆಗಿರುವ ಭಾಷೆ ವೇಳಾಪಟ್ಟಿಯಲ್ಲಿ ಪ್ರಥಮ! ನನ್ನ ಮಟ್ಟಿಗೆ ಜೋಯಿಡಾ ತಾಲ್ಲೂಕಿನ ಶಾಲೆಗಳ ಅತ್ಯುತ್ತಮ ಜೋಕು ಇದು. ಬರೆದವರಿಗೆ ಮಾತ್ರ ಇದು ಜೋಕು ಅಂತ ಗೊತ್ತಿಲ್ಲ.

ಇಂಥ ತರಗತಿಯಲ್ಲಿ ನಗು ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ, ಕೇಳಿ. ಕನ್ನಡದಲ್ಲಿ ಜೀವವಿಲ್ಲದ ವಸ್ತು ಎಲ್ಲ ನಪುಂಸಕಲಿಂಗ. ಕೊಂಕಣಿ, ಮರಾಠಿಯಲ್ಲಿ ಹಾಗಲ್ಲ. ಬಸ್ಸು ಹೆಣ್ಣು, ಮಳೆ ಗಂಡು. ಮರಾಠಿಯಲ್ಲಿ ಬಸ್ ‘ಗೇಲಿ’, ಮಳೆ ‘ಆಲಾ’. ಎಂಟನೇ ಇಯತ್ತೆಯಲ್ಲಿ ನನ್ನ ಬೆಂಚಿನ ಹುಡುಗ ಒಂದು ದಿನ ತಡವಾಗಿ ಬಂದ. ಜುಲೈ ತಿಂಗಳು, ತಲೆಯಿಂದ ನೀರು ಸೋರುತ್ತಿತ್ತು. ಯಾಕೆ ತಡ ಅಂತ ಮಾಸ್ತರರು ಕೇಳಿದರು.

“ಸರ್, ಮಳೆ ಬಂದ. ಬಸ್ಸು ಹೋದಳು.”

“ಹೋದಳಾ? ಯಾರ ಜೊತೆ ಹೋದಳು?”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಜೋಕು ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಮಾಸ್ತರರು ಕೆಟ್ಟವರಲ್ಲ, ಬಯಲುಸೀಮೆಯಿಂದ ಬಂದು ನಮ್ಮ ಮಳೆಯಲ್ಲಿ ಒದ್ದೆಯಾಗಿ ಪಾಠ ಮಾಡಿದವರು. ಆದರೆ ನಕ್ಕವರಲ್ಲಿ ಮುಕ್ಕಾಲು ಮಂದಿ ಮನೆಯಲ್ಲಿ ಹಾಗೇ ಹೇಳುವವರು. ಅವತ್ತು ಜೋರಾಗಿ ನಕ್ಕವರೇ ಮರುದಿನದಿಂದ ಬಾಯಿ ಬಿಡುವ ಮುಂಚೆ ಲಿಂಗ ಲೆಕ್ಕ ಹಾಕತೊಡಗಿದರು. ಆ ಹುಡುಗನಂತೂ ಲೆಕ್ಕ ಹಾಕುವ ಗೊಡವೆಯನ್ನೇ ಬಿಟ್ಟ. ತಡವಾಗಿ ಬಂದರೆ ಬಾಗಿಲಲ್ಲಿ ಸುಮ್ಮನೆ ನಿಂತು ಕೈ ಚಾಚುತ್ತಿದ್ದ. ಕಾರಣ ಹೇಳುವುದಕ್ಕಿಂತ ಒಂದು ಏಟು ಅಗ್ಗ ಅಂತ ಅವನ ತೀರ್ಮಾನ.

ಕಾಳಿ ನದಿ ‘ಹರಿಯುತ್ತಾಳೆ’ ಅಂತ ಪ್ರಬಂಧದಲ್ಲಿ ಬರೆದರೆ ಅದು ಅಲಂಕಾರ. ಬಸ್ಸು ‘ಹೋಗುತ್ತಾಳೆ’ ಅಂದರೆ ತಪ್ಪು. ಈ ವ್ಯತ್ಯಾಸ ಯಾಕೆ ಅಂತ ಆ ಹುಡುಗ ಕೇಳಿದ್ದರೆ ವ್ಯಾಕರಣದ ಒಂದು ಒಳ್ಳೆಯ ಪಾಠ ಆಗುತ್ತಿತ್ತು. ಕೇಳುವ ಬಾಯಿ ಅಷ್ಟರಲ್ಲಿ ಮುಚ್ಚಿತ್ತು.

ಸಿನಿಮಾದ ಗಣಿತದ ತರಗತಿಯನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಹೊರಗಿನಿಂದ ಬಂದ ಮಾಸ್ತರರು, ಅವರ ಭಾಷೆ ಅರ್ಥವಾಗದ ಮಕ್ಕಳು. ಚಿತ್ರ ಒಂದೇ. ಅನಮೋಡದಲ್ಲಿ ಮಲಯಾಳಂ ಮಾಸ್ತರರ ಜಾಗದಲ್ಲಿ ನಿಂತಿರುವವರು ನಮ್ಮ ಕನ್ನಡ ಮಾಸ್ತರರು, ಪ್ರವೀಣನ ಜಾಗದಲ್ಲಿ ಕುಣಬಿ ಹುಡುಗ. ನಗು ಮಾತ್ರ ತಲೆಕೆಳಗಾಗಿದೆ. ಕಾಸರಗೋಡಿನಲ್ಲಿ ತರಗತಿ ಮಾಸ್ತರರ ಮಾತಿಗೆ ನಗುತ್ತದೆ, ಇಲ್ಲಿ ಮಾಸ್ತರರೇ ಶುರುಮಾಡಿ ತರಗತಿ ತನ್ನ ಮಾತಿಗೆ ತಾನೇ ನಗುತ್ತದೆ. ಕನ್ನಡಕ್ಕೆ ಅನ್ಯಾಯ ಆದಾಗ ಅದನ್ನು ಇಷ್ಟು ಚೆನ್ನಾಗಿ ಗುರುತಿಸುವ ಸಿನಿಮಾ, ಅದೇ ಸ್ಥಿತಿ ಕನ್ನಡದ ಕೈಯಿಂದ ಇನ್ನೊಬ್ಬರಿಗೆ ಒದಗಬಹುದು ಅನ್ನುವ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಎಲ್ಲ ಸಿನಿಮಾವೂ ಎಲ್ಲವನ್ನೂ ಹೇಳಬೇಕು ಅಂತ ನಾನು ಹಟ ಹಿಡಿಯುತ್ತಿಲ್ಲ. ಆದರೆ ಮಾತೃಭಾಷೆಯ ತತ್ವದ ಮೇಲೆ ನಿಂತ ವಾದ ಯಾರ ಮಾತೃಭಾಷೆಗಾದರೂ ಅನ್ವಯಿಸಬೇಕಲ್ಲ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಇರಬೇಕು ಅನ್ನುವ ಸಂವಿಧಾನದ 350ಎ ವಿಧಿ ಕಾಸರಗೋಡಿನ ಕನ್ನಡಿಗರಿಗೂ ಇದೆ, ಜೋಯಿಡಾದ ಕೊಂಕಣಿಗರಿಗೂ ಇದೆ.

ಇನ್ನೊಂದು ವಿಚಿತ್ರ ನೋಡಿ. ಆ ಕೋರ್ಟಿನಲ್ಲಿ ಕನ್ನಡದ ಪರ ವಾದಿಸುವ ಅನಂತನಾಗ್ ಅವರ ಮನೆಮಾತು ಕೊಂಕಣಿ. ಕನ್ನಡದ ಮಟ್ಟಿಗೆ ಶಾಲೆಯ ಹಾಸ್ಯದ ಮತ್ತೊಂದು ಮೈಲಿಗಲ್ಲು ‘ಮಾಲ್ಗುಡಿ ಡೇಸ್’ ಧಾರಾವಾಹಿ. ಅದನ್ನು 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ಶಂಕರನಾಗ್ ನಮ್ಮ ಜಿಲ್ಲೆಯ ಹೊನ್ನಾವರದ ಕಡೆಯವರು, ಮನೆಮಾತು ಅದೇ. ಅದರಲ್ಲಿ ಸ್ವಾಮಿಯ ಅಪ್ಪನ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಶಿರಸಿಯಲ್ಲಿ ಬಾಲ್ಯ ಕಳೆದವರು, ಮನೆಮಾತು ಮತ್ತೆ ಕೊಂಕಣಿ. ಕನ್ನಡದ ಶಾಲೆಯ ನಗುವನ್ನು ಕಟ್ಟಿದವರಲ್ಲಿ ಮನೆಯಲ್ಲಿ ಬಸ್ಸನ್ನು ಹೆಣ್ಣು ಮಾಡುವವರು ಇಷ್ಟು ಜನ ಇದ್ದಾರೆ, ಮಾರಾಯ್ರೆ!

‘ಮಾಲ್ಗುಡಿ’ಯ ಹಾಸ್ಯ ನಮ್ಮ ಕಡೆ ಎಲ್ಲರಿಗೂ ಹಿಡಿಸಿದ್ದು ಯಾಕೆ ಅಂತ ಯೋಚಿಸಿದ್ದೇನೆ. ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಅಪ್ಪ ಮಗನಿಗೆ ಮಾವಿನಹಣ್ಣಿನ ಲೆಕ್ಕ ಕೊಡುತ್ತಾನೆ. ಹತ್ತು ಮಾವಿಗೆ ಇಷ್ಟು ಆಣೆ ಆದರೆ ನಾಲ್ಕಕ್ಕೆ ಎಷ್ಟು ಅನ್ನುವ ಧಾಟಿಯದು. ಹುಡುಗನಿಗೆ ಲೆಕ್ಕ ಮುಂದೆ ಹೋಗುವುದೇ ಇಲ್ಲ. ಮಾವು ಹಣ್ಣಾಗಿದೆಯೋ ಕಾಯಿಯೋ ಅನ್ನುವುದು ತಿಳಿಯದೆ ರೇಟು ಹೇಗೆ ಹೇಳುವುದು ಅನ್ನುವುದು ಅವನ ಚಿಂತೆ. ಸಂತೆಗೆ ಹೋದ ಯಾರಿಗಾದರೂ ಗೊತ್ತು, ಹುಡುಗ ಕೇಳಿದ್ದೇ ಸರಿ. ಇಲ್ಲಿ ನಗೆಪಾಟಲಾಗುವುದು ಲೆಕ್ಕದ ಪುಸ್ತಕ. ಇಂಗ್ಲಿಷಿನಲ್ಲಿ ಬರೆದದ್ದು, ಟೀವಿಯಲ್ಲಿ ಹಿಂದಿಯಾಗಿ ಬಂದದ್ದು, ಕೊಂಕಣಿಯ ಮನೆಯಲ್ಲಿ ಕೂತವರನ್ನೂ ನಗಿಸುತ್ತದೆ. ಉಚ್ಚಾರದ ಜೋಕಿಗೆ ಒಂದು ಚೆಕ್‌ಪೋಸ್ಟು ದಾಟುವ ಶಕ್ತಿ ಇಲ್ಲ. ಮಾವಿನಹಣ್ಣಿನ ಜೋಕು ಎಲ್ಲ ಗಡಿಯನ್ನೂ ದಾಟಿತು.

‘ರಾಮಣ್ಣ ರೈ’ ಸಿನಿಮಾದಲ್ಲಿಯೂ ಈ ಜಾತಿಯ ನಗು ಇದೆ. ಮಕ್ಕಳು ದೊಡ್ಡವರ ಜಗತ್ತನ್ನು ತಮ್ಮ ಲೆಕ್ಕದಲ್ಲಿ ಅಳೆಯುವ ಕಡೆಯೆಲ್ಲ ಅದು ಹಗುರವಾಗಿ ಹಾರುತ್ತದೆ. ಪ್ರವೀಣನಿಗೆ ಶಾಲೆ ಉಳಿಯುವುದೂ ಪಲ್ಲವಿಯನ್ನು ದಿನಾ ನೋಡುವುದೂ ಬೇರೆ ಬೇರೆ ವಿಷಯ ಅಲ್ಲ. ಕನ್ನಡ ಉಳಿಸುವ ಹೋರಾಟಕ್ಕೆ ಇಷ್ಟು ಪ್ರಾಮಾಣಿಕ ಕಾರಣ ಕೊಟ್ಟ ಪಾತ್ರ ಇನ್ನೊಂದು ನನಗೆ ನೆನಪಿಲ್ಲ. ಕೋರ್ಟಿಗೆ ಬಂದ ಮೇಲೆ ಭಾಷಣದ ಭಾರ ಹೆಚ್ಚಾಗುತ್ತದೆ. ಅನಂತನಾಗ್ ಅವರ ಕಣ್ಣಿನ ತುಂಟತನ ಅದನ್ನು ಎತ್ತಿ ಹಿಡಿಯುತ್ತದೆ, ಆದರೂ ಮಕ್ಕಳು ಅಲ್ಲಿ ಪ್ರೇಕ್ಷಕರಾಗಿಬಿಡುತ್ತಾರೆ. ಆ ಮಲಯಾಳಂ ಮಾಸ್ತರರ ಕಡೆಯಿಂದ ಆ ತರಗತಿ ಹೇಗೆ ಕಾಣುತ್ತದೆ ಅನ್ನುವುದಂತೂ ಸಿನಿಮಾದ ಕಾಳಜಿಯಲ್ಲ. ಅರ್ಥವಾಗದ ಊರಿಗೆ ಆರ್ಡರು ಹಿಡಿದು ಬಂದವರ ಒಂಟಿತನದಲ್ಲೂ ನಗು ಇರುತ್ತದೆ. ನಮ್ಮ ಬಯಲುಸೀಮೆಯ ಮಾಸ್ತರರನ್ನು ಮೂರು ವರ್ಷ ನೋಡಿದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ಅವರಿಗೂ ನಮಗೂ ನಡುವೆ ಸಮಸಮ ಆದ ಒಂದು ಜೋಕು ಹುಟ್ಟಿದ್ದನ್ನು ಹೇಳಲೇಬೇಕು. ಕೊಂಕಣಿಯಲ್ಲಿ ‘ಬರೆಂ’ ಅಂದರೆ ಒಳ್ಳೆಯದು, ಆಯ್ತು. ಕನ್ನಡದಲ್ಲಿ ‘ಬರೆ’ ಅಂದರೆ ಬರವಣಿಗೆ ಮಾಡು. ಮೈಮೇಲೆ ಆದರೆ ‘ಬರೆ’ ಅಂದರೆ ಬಾಸುಂಡೆ. ಮಾಸ್ತರರು ಹೊಸದರಲ್ಲಿ ಒಬ್ಬಳ ಹತ್ತಿರ ಬಂದು “ಬರೆ” ಅಂದರು. ಅವಳು ಸಂತೋಷದಿಂದ ತಲೆ ಅಲ್ಲಾಡಿಸಿ ಕೂತಳು. ಮತ್ತೆ “ಬರೆ” ಅಂದರು. ಅವಳು ಇನ್ನೂ ಹಿಗ್ಗಿದಳು. ಮೂರನೇ ಸಲ ಕೋಲು ಎತ್ತಿದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೈಮುಗಿದ. “ಸರ್, ಅವಳಿಗೆ ಒಂದನೇ ಬರೆ ಗೊತ್ತು. ನಿಮಗೆ ಎರಡನೇ ಬರೆ ಗೊತ್ತು. ಮೂರನೇ ಬರೆ ಬೇಡ, ಸರ್!” ಮಾಸ್ತರರು ಅರ್ಥ ಕೇಳಿ ತಿಳಿದು, ಕೋಲು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಯಾರಾದರೂ ಲೆಕ್ಕ ಸರಿಯಾಗಿ ಮಾಡಿದರೆ ಅವರೇ “ಬರೆಂ, ಬರೆಂ” ಅನ್ನುತ್ತಿದ್ದರು. ಅವರ ಉಚ್ಚಾರ ಕೇಳಿ ನಾವು ನಗುತ್ತಿದ್ದೆವು, ಅವರು ನಗಲು ಬಿಡುತ್ತಿದ್ದರು.

ಬಸ್ಸಿನ ಜೋಕಿಗೂ ಬರೆಯ ಜೋಕಿಗೂ ಇರುವ ದೂರ ಎಷ್ಟು ಅಂತ ಅಳೆಯುವುದು ಕಷ್ಟವಲ್ಲ. ಎರಡರಲ್ಲೂ ಎರಡು ಭಾಷೆ ಡಿಕ್ಕಿ ಹೊಡೆದಿವೆ. ಮೊದಲನೆಯದಕ್ಕೆ ನಗಲು ಒಂದೇ ಭಾಷೆ ಸಾಕು, ಇನ್ನೊಂದು ಭಾಷೆ ಇದೆ ಅನ್ನುವುದನ್ನೇ ಮರೆತರೆ ಇನ್ನೂ ಒಳ್ಳೆಯದು. ಎರಡನೆಯದಕ್ಕೆ ನಗಬೇಕಾದರೆ ಎರಡೂ ಗೊತ್ತಿರಬೇಕು. ಹಾಗಾಗಿ ಅದು ಕಲಿಸುತ್ತದೆ ಕೂಡ. ಆ ಹುಡುಗಿಗೆ ‘ಬರೆ’ ಅನ್ನುವ ಕ್ರಿಯಾಪದ ಜನ್ಮದಲ್ಲಿ ಮರೆಯಲಿಕ್ಕಿಲ್ಲ.

ಕನ್ನಡದಲ್ಲಿ ಎರಡನೇ ಬಗೆಯ ಶಾಲೆಯ ಹಾಸ್ಯ ಇನ್ನಷ್ಟು ಬರಬೇಕು. ಅದಕ್ಕೆ ಬೇಕಾದ ಸರಕು ಗಡಿ ತಾಲ್ಲೂಕುಗಳಲ್ಲಿ ರಾಶಿ ಬಿದ್ದಿದೆ. ಹಳಿಯಾಳದ ಸಿದ್ದಿ ಮಕ್ಕಳ ಬೆಂಚಿನಲ್ಲಿ, ನಾನಾ ಕಡೆಯ ಕಾರ್ಮಿಕರು ಬಂದು ಸೇರಿದ ದಾಂಡೇಲಿಯ ಓಣಿಗಳಲ್ಲಿ ಅದನ್ನು ಕೇಳಬಹುದು. ರಿಷಬ್ ಶೆಟ್ಟಿಯವರ ಸಿನಿಮಾ ಕಾಸರಗೋಡಿನ ಒಂದು ಶಾಲೆಯ ಬಾಗಿಲು ತೆಗೆದು ಒಳಗಿನ ಸದ್ದು ಕೇಳಿಸಿತು. ಆ ಉಪಕಾರ ದೊಡ್ಡದು. ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ತೋರಿಸುವ ಮಾಸ್ತರರಿಗೆ, ಅಕ್ಕೋರಿಗೆ ನನ್ನದೊಂದು ಕೋರಿಕೆ ಇದೆ. ಗಣಿತದ ತರಗತಿಯ ದೃಶ್ಯ ಬಂದಾಗ ಎಲ್ಲರೂ ನಗಲಿ, ನೀವೂ ನಗಿ. ನಗು ಮುಗಿದ ಮೇಲೆ ಸಿನಿಮಾ ಎರಡು ನಿಮಿಷ ನಿಲ್ಲಿಸಿ, ನಮ್ಮ ಶಾಲೆಯಲ್ಲಿ ಈ ಮಲಯಾಳಂ ಮಾಸ್ತರರು ಯಾರು ಅಂತ ಕೇಳಿ. ಮಕ್ಕಳು ನಿಮ್ಮ ಮುಖ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ. ಕೊಂಕಣಿಯಲ್ಲಿ ಎರಡು ಮಾತು ಕಲಿಸಿ ಅಂತ ಅವರನ್ನೇ ಕೇಳಿ.